ಗಿಡುಗ ಉಣ್ಣುವಾಗ ರೆಕ್ಕೆ ಹರಡುವುದೇಕೆ

ಭೂಮಿ ಇನ್ನೂ ಹಸಿ ಮಡಕೆಯಂತಿದ್ದ ಕಾಲ ಅದು. ಬೆಟ್ಟಗಳು ತಾವು ಎಲ್ಲಿ ಕೂರಬೇಕೆಂದು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಹೊಳೆಗಳು ದಾರಿ ಹುಡುಕುತ್ತ ಅತ್ತ ಇತ್ತ ಅಲೆಯುತ್ತಿದ್ದವು. ಚಂದ್ರನಿಗೆ ಸವೆಯುವುದು, ಬೆಳೆಯುವುದು ಇನ್ನೂ ರೂಢಿಯಾಗಿರಲಿಲ್ಲ.

ಆ ಕಾಲದಲ್ಲಿ ಯಾರೂ ಯಾರನ್ನೂ ತಿನ್ನುತ್ತಿರಲಿಲ್ಲ. ಹುಲಿ ಗೆಣಸು ಅಗೆದು ತಿನ್ನುತ್ತಿತ್ತು. ಹಾವು ಉದುರಿದ ಹಣ್ಣಿನ ರಸ ಹೀರಿ ಸುರುಳಿ ಸುತ್ತಿ ಮಲಗುತ್ತಿತ್ತು. ಗಿಡುಗವೂ ಅಷ್ಟೇ, ಬನ್ನಿ ಮರದ ಕಾಯಿ ಬಿಡಿಸಿ ಬೀಜ ತಿನ್ನುತ್ತಿತ್ತು. ಹಸಿವು ಆಗಲೂ ಇತ್ತು. ಆದರೆ ಭಯ ಎನ್ನುವ ಮಾತು ಇನ್ನೂ ಯಾರ ಬಾಯಿಗೂ ಬಂದಿರಲಿಲ್ಲ.

ಆ ಹೊಸ ಲೋಕದ ಒಂದು ಅಂಚಿನಲ್ಲಿ ಮರಳುಗಾಡಿತ್ತು. ಕಣ್ಣು ಹಾಯಿಸಿದಷ್ಟು ದೂರವೂ ಮರಳು. ಅಲ್ಲೊಂದು ಎಕ್ಕದ ಗಿಡ, ಇಲ್ಲೊಂದು ಮುಳ್ಳಿನ ಬಾರೆ, ಒಣಹುಲ್ಲಿನ ಗುಪ್ಪೆ. ನಡುವೆ ಒಂದೇ ಒಂದು ಬನ್ನಿ ಮರ.

ಆ ಮರದ ತುದಿಯಲ್ಲಿ ಹೊಂಗಣ್ಣಿ ಎಂಬ ಗಿಡುಗ ಗೂಡು ಕಟ್ಟಿಕೊಂಡಿದ್ದಳು. ಮರದ ಬುಡದಲ್ಲಿ ನುಚ್ಚಿ ಎಂಬ ಮರಳುಗಾಡಿನ ಇಲಿ ಬಿಲ ತೋಡಿಕೊಂಡಿದ್ದಳು. ಹೊಂಗಣ್ಣಿಗೆ ಎರಡು ಮರಿಗಳು. ನುಚ್ಚಿಗೆ ಐದು. ನುಚ್ಚಿ ಹೊಂಗಣ್ಣಿಯನ್ನು ಅಕ್ಕ ಎಂದು ಕರೆಯುತ್ತಿದ್ದಳು. ಇಲಿಮರಿಗಳಿಗೆ ಹೊಂಗಣ್ಣಿ ದೊಡ್ಡಮ್ಮ. ಗಿಡುಗದ ಮರಿಗಳಿಗೆ ನುಚ್ಚಿ ಚಿಕ್ಕಮ್ಮ. ಮೇಲಿನ ಮನೆ, ಕೆಳಗಿನ ಮನೆ ಒಂದೇ ಮರವನ್ನು ನಂಬಿಕೊಂಡು ಬದುಕುತ್ತಿದ್ದವು.

ಹೊಂಗಣ್ಣಿ ಕೆಟ್ಟವಳಲ್ಲ. ಆದರೆ ಅವಳಿಗೆ ಒಂದು ಚಟವಿತ್ತು. ಹೋಲಿಸುವ ಚಟ.

ಹಾರಿ ಬಂದು ಕೊಂಬೆಯ ಮೇಲೆ ಕೂತಳೆಂದರೆ ಅವಳ ಕಣ್ಣು ಕೆಳಗೆ ನುಚ್ಚಿಯ ಕಡೆಗೇ ಹೋಗುತ್ತಿತ್ತು. ನಾನು ಒಂದು ಸುತ್ತು ಹಾರಿ ಬಂದರೆ ನೋಡುವಷ್ಟು ನೆಲವನ್ನು ನೀನು ಬದುಕಿಡೀ ಓಡಿದರೂ ನೋಡಲಾರೆ ಎನ್ನುವಳು. ನುಚ್ಚಿ ಮುಂಗಾಲಿನಿಂದ ಮರಳು ಕೆರೆದು ಹಿಂಗಾಲಿನಿಂದ ಒದೆಯುತ್ತಲೇ “ಹೌದಕ್ಕ” ಎನ್ನುವಳು. ನನ್ನ ಕಣ್ಣಿಗೆ ಹರದಾರಿ ದೂರದ ಹುಲ್ಲಿನ ತೆನೆ ಕಾಣುತ್ತದೆ, ನಿನಗೆ ನಿನ್ನ ಮೂಗಿನ ತುದಿಯಾದರೂ ಕಾಣುತ್ತದೆಯೋ ಇಲ್ಲವೋ ಎನ್ನುವಳು. “ಹೌದಕ್ಕ” ಎನ್ನುವಳು ನುಚ್ಚಿ, ಮತ್ತೆ ಮರಳು ಒದೆಯುವಳು.

ಒಂದು ದಿನ ಹೊಂಗಣ್ಣಿಯ ರೆಕ್ಕೆಯಿಂದ ಒಂದು ಉದ್ದ ಗರಿ ಉದುರಿತು. ಅದನ್ನು ಮರಳಿನ ಮೇಲೆ ನೆಟ್ಟಗೆ ಹಾಸಿ, ಅದರ ಪಕ್ಕದಲ್ಲಿ ಮಲಗು ನೋಡೋಣ ಎಂದು ನುಚ್ಚಿಯನ್ನು ಕರೆದಳು. ನುಚ್ಚಿ ಬಂದು, ಬಾಲವನ್ನೂ ಚಾಚಿಕೊಂಡು ಮಲಗಿದಳು. ಬಾಲದ ತುದಿಯ ಕುಚ್ಚು ಸೇರಿಸಿದರೂ ಗರಿಯೇ ಉದ್ದವಾಯಿತು. ಓತಿಕ್ಯಾತ ನೋಡಿ ನಕ್ಕಿತು. ಗೌಜಲಕ್ಕಿಗಳು ಗುಂಪಾಗಿ ನಕ್ಕವು. ನುಚ್ಚಿಯೂ ಎದ್ದು, ಮೈಗೆ ಹತ್ತಿದ ಮರಳು ಕೊಡವಿಕೊಂಡು, ನಗುವವರ ಜೊತೆ ಒಂದಿಷ್ಟು ನಕ್ಕು, ತನ್ನ ಕೆಲಸಕ್ಕೆ ಹೋದಳು.

ಕೆಲಸವೇನೆಂದರೆ ಕಾಳು ಕೂಡಿಡುವುದು. ಹುಲ್ಲಿನ ಬೀಜ, ಬನ್ನಿಯ ಬೀಜ, ಗಾಳಿ ತಂದು ಚೆಲ್ಲಿದ ಯಾವ ಬೀಜವಾದರೂ ಸರಿ, ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬಿಲದೊಳಗೆ ಒಯ್ಯುತ್ತಿದ್ದಳು. ಅಷ್ಟೊಂದು ಯಾಕೆ ಎಂದು ಹೊಂಗಣ್ಣಿ ಕೇಳಿದರೆ, ಮರದಲ್ಲಿ ಯಾವಾಗಲೂ ಕಾಯಿ ಇರುತ್ತದೆಂದು ಯಾರು ಹೇಳಿದರಕ್ಕ ಎನ್ನುತ್ತಿದ್ದಳು.

ಆ ವರ್ಷ ಬೇಸಿಗೆ ಬೇಗ ಬಂತು. ಬೇಸಿಗೆಯ ಹಿಂದೆಯೇ ಗಾಳಿ ಬಂತು.

ಗಾಳಿ ಆಗ ತೀರಾ ಎಳೆಯದು. ತನ್ನ ಬಲ ಎಷ್ಟೆಂದು ಅದಕ್ಕೇ ಗೊತ್ತಿರಲಿಲ್ಲ. ಆಟಕ್ಕೆಂದು ಒಂದು ಹಿಡಿ ಮರಳನ್ನು ಎತ್ತಿ ತೂರಿತು. ಅದು ಚೆನ್ನಾಗಿದೆ ಅನಿಸಿ ಒಂದು ದಿಬ್ಬವನ್ನು ಎತ್ತಿ ತೂರಿತು. ಆಮೇಲೆ ಅದಕ್ಕೆ ನಿಲ್ಲುವುದು ಹೇಗೆಂದೇ ತಿಳಿಯಲಿಲ್ಲ. ಆಕಾಶ ಕೆಂಪಾಯಿತು, ಆಮೇಲೆ ಕಂದಾಯಿತು. ಬನ್ನಿ ಮರದ ಎಲೆ ಹೋಯಿತು, ಕಾಯಿ ಹೋಯಿತು, ಸಣ್ಣ ಕೊಂಬೆಗಳು ಹೋದವು. ಕೊನೆಗೆ ಗೂಡು ಹೋಯಿತು.

ಹೊಂಗಣ್ಣಿ ಮರಿಗಳೆರಡನ್ನೂ ಎದೆಯ ಕೆಳಗೆ ಅವುಚಿಕೊಂಡು ಮರದ ಬುಡದಲ್ಲಿ ಬಿದ್ದಿದ್ದಳು. ಕಣ್ಣಲ್ಲಿ ಮರಳು, ಮೂಗಲ್ಲಿ ಮರಳು. ಹಾರೋಣವೆಂದರೆ ರೆಕ್ಕೆ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಗಾಳಿ ಅವಳನ್ನು ಎತ್ತಿ ಒಗೆಯುತ್ತಿತ್ತು. ಹರದಾರಿ ದೂರ ಕಾಣುವ ಆ ಕಣ್ಣಿಗೆ ತನ್ನ ಮರಿಗಳೇ ಕಾಣುತ್ತಿರಲಿಲ್ಲ.

ಆಗ ಅವಳ ಕಾಲ ಹತ್ತಿರದ ನೆಲ ಕುಸಿಯಿತು. ಕುಸಿದ ಜಾಗದಿಂದ ನುಚ್ಚಿಯ ತಲೆ ಮೇಲೆ ಬಂತು.

“ಅಕ್ಕ, ಬಾಗಿಲು ದೊಡ್ಡದು ಮಾಡಿದ್ದೀನಿ. ಮೊದಲು ಮಕ್ಕಳನ್ನು ಕೊಡು, ಆಮೇಲೆ ನೀನು ಬಾ. ತಲೆ ತಗ್ಗಿಸಿಕೊಂಡು ಬಾ” ಎಂದಳು.

ಹೊಂಗಣ್ಣಿ ಮರಿಗಳನ್ನು ಕೊಟ್ಟಳು. ಆಮೇಲೆ ರೆಕ್ಕೆ ಮಡಿಸಿ, ಕತ್ತು ಬಗ್ಗಿಸಿ, ಹೊಟ್ಟೆ ಎಳೆದುಕೊಂಡು ಬಿಲದೊಳಗೆ ನುಸುಳಿದಳು. ಅವಳು ಬಂದ ಮೇಲೆ ಆ ಮನೆಯಲ್ಲಿ ಬೇರೆ ಯಾರಿಗೂ ಕಾಲು ಚಾಚಲು ಜಾಗ ಉಳಿಯಲಿಲ್ಲ.

ಗಾಳಿ ಒಂಬತ್ತು ದಿನ ಬೀಸಿತು. ಒಂಬತ್ತು ದಿನವೂ ಹೊಂಗಣ್ಣಿ ಆ ಬಿಲದಲ್ಲಿ ಮುದುಡಿಕೊಂಡು ಕೂತಿದ್ದಳು. ಹೊರಗೆ ಮರಳು ಕಾದ ಹಂಚಿನಂತಿದ್ದರೂ ಒಳಗೆ ತಂಪಾಗಿತ್ತು. ಒಂದು ತಿರುವು, ಆ ತಿರುವಿನಾಚೆ ಮಲಗುವ ಕೋಣೆ, ಅದರಾಚೆ ಕಾಳಿನ ಕೋಣೆ. ಇದನ್ನೆಲ್ಲ ನುಚ್ಚಿ ಒಬ್ಬಳೇ ತೋಡಿದ್ದಳು. ಇಷ್ಟು ದಿನ ಅದೇ ಮರದ ಮೇಲೆ ಕೂತಿದ್ದರೂ ತನ್ನ ಕಾಲ ಕೆಳಗೆ ಇಂಥದ್ದೊಂದು ಮನೆ ಇದೆಯೆಂದು ಹೊಂಗಣ್ಣಿಗೆ ಗೊತ್ತಿರಲಿಲ್ಲ.

ನುಚ್ಚಿ ದಿನಕ್ಕೆರಡು ಸಲ ಕಾಳು ತರುತ್ತಿದ್ದಳು. ಮೊದಲು ಗಿಡುಗದ ಮರಿಗಳಿಗೆ, ಆಮೇಲೆ ಹೊಂಗಣ್ಣಿಗೆ, ಆಮೇಲೆ ತನ್ನ ಐದು ಮಕ್ಕಳಿಗೆ. ಕೊನೆಗೆ ಉಳಿದರೆ ತನಗೆ. ಹೊಂಗಣ್ಣಿಗೆ ಮರಳಿನ ಮೇಲೆ ಹಾಸಿದ ಆ ಗರಿ ನೆನಪಾಗುತ್ತಿತ್ತು. ನೆನಪಾದಾಗೆಲ್ಲ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ನುಚ್ಚಿ ಆ ಮಾತನ್ನು ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ವಾಸಿ ಇತ್ತು ಅಂತ ಹೊಂಗಣ್ಣಿಗೆ ಅನಿಸುತ್ತಿತ್ತು.

ನುಚ್ಚಿಯ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವನ ಹೆಸರು ಎಳ್ಳ. ಅವನಿಗೆ ದೊಡ್ಡಮ್ಮನ ಮೈಯ ತುಪ್ಪಳ ಬಲು ಇಷ್ಟವಾಗಿತ್ತು. ಮಲಗುವ ಹೊತ್ತಿಗೆ ತಾಯಿಯನ್ನು ಬಿಟ್ಟು ಬಂದು ಹೊಂಗಣ್ಣಿಯ ಹೊಟ್ಟೆಗೆ ಅಂಟಿಕೊಂಡು ಮಲಗುತ್ತಿದ್ದ. ಅವನ ಎದೆ ಬಡಿಯುವುದು ಅವಳಿಗೆ ಗೊತ್ತಾಗುತ್ತಿತ್ತು. ಅವನು ಎದ್ದಾನೆಂದು ಅವಳು ಮಗ್ಗುಲು ಬದಲಿಸುತ್ತಿರಲಿಲ್ಲ.

ಹತ್ತನೆಯ ದಿನ ಗಾಳಿ ನಿಂತಿತು.

ಎಲ್ಲರೂ ಹೊರಗೆ ಬಂದು ನೋಡಿದರೆ ಹಳೆಯ ಲೋಕವೇ ಇರಲಿಲ್ಲ. ಎಕ್ಕದ ಗಿಡ ಇಲ್ಲ, ಬಾರೆ ಇಲ್ಲ, ಹುಲ್ಲು ಇಲ್ಲ. ಬನ್ನಿ ಮರ ಬರೀ ಕಡ್ಡಿಯಾಗಿ ನಿಂತಿತ್ತು. ದೂರದಲ್ಲಿ ಗಾಳಿ ಏದುಸಿರು ಬಿಡುತ್ತ ಕೂತಿತ್ತು. ಮಾಡಿದ್ದು ತಾನೇ, ಆದರೆ ಹೀಗಾಗಲಿ ಎಂದು ಮಾಡಲಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತಿತ್ತು. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಕಾಳಿನ ಕೋಣೆಯೂ ಖಾಲಿಯಾಗಿತ್ತು. ಎಂಟು ಬಾಯಿ ಸೇರಿ ಅದನ್ನು ಮುಗಿಸಿದ್ದವು, ಒಂಬತ್ತನೆಯದು ನುಚ್ಚಿಯದು.

ನುಚ್ಚಿ ಮಕ್ಕಳನ್ನು ಬಿಲದ ಬಾಗಿಲಲ್ಲಿ ಸಾಲಾಗಿ ಕೂರಿಸಿದಳು. ಹಳೆಯ ಹುಲ್ಲುಗಾವಲು ಇದ್ದ ಕಡೆ ಮರಳಿನಡಿ ಬೀಜ ಸಿಕ್ಕೀತು, ವಾಸನೆ ಹಿಡಿದು ಅಗೆದು ತರುತ್ತೇನೆ ಎಂದಳು. ಹೋಗಿ ಬರಲು ಹೊತ್ತಾಗುತ್ತದೆ ಎಂದಳು. ಆಮೇಲೆ ಹೊಂಗಣ್ಣಿಯ ಕಡೆ ತಿರುಗಿದಳು.

“ಅಕ್ಕ, ಮಕ್ಕಳನ್ನು ಸ್ವಲ್ಪ ನೋಡಿಕೊ. ನಿನ್ನ ಕಣ್ಣಿದ್ದರೆ ನನಗೆ ಚಿಂತೆ ಇಲ್ಲ.”

ಹೊಂಗಣ್ಣಿ ಆಗಲಿ ಎಂದಳು. ನುಚ್ಚಿ ಕುಪ್ಪಳಿಸುತ್ತ ಕುಪ್ಪಳಿಸುತ್ತ ದಿಬ್ಬದಾಚೆ ಹೋದಳು.

ಬಿಸಿಲೇರಿತು. ಗಿಡುಗದ ಮರಿಗಳು ಹಸಿವಿನಿಂದ ಕೂಗತೊಡಗಿದವು. ಮೊದಲು ಜೋರಾಗಿ ಕೂಗಿದವು. ಆಮೇಲೆ ಮೆಲ್ಲಗೆ ಕೂಗಿದವು. ಕಿರಿಯದು ಕೂಗುವುದನ್ನು ಬಿಟ್ಟು ಕತ್ತು ವಾಲಿಸಿತು. ಅದನ್ನು ಹೊಂಗಣ್ಣಿಗೆ ತಡೆದುಕೊಳ್ಳಲಾಗಲಿಲ್ಲ. ಮೇಲೆ ಹಾರಿದಳು. ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹೋಗಿ ನಾಲ್ಕು ದಿಕ್ಕಿಗೂ ನೋಡಿದಳು. ಎಷ್ಟು ದೂರ ಕಂಡರೇನು? ಕಂಡದ್ದೆಲ್ಲ ಮರಳು. ಒಂದು ತೆನೆ ಇಲ್ಲ, ಒಂದು ಕಾಯಿ ಇಲ್ಲ. ಮರಳಿನ ಕೆಳಗೆ ಇರುವುದನ್ನು ನೋಡುವ ಕಣ್ಣು ಅವಳಿಗಿರಲಿಲ್ಲ.

ಅವಳು ಕಾಲಲ್ಲಿ, ಕೊಕ್ಕಿನಲ್ಲಿ ಏನೂ ಇಲ್ಲದೆ ಇಳಿದು ಬಂದಳು.

ಇಲಿಮರಿಗಳು ಬಿಸಿಲಿಗೆ ಒಳಗೆ ಹೋಗಿದ್ದವು. ಎಳ್ಳ ಒಬ್ಬನೇ ಬಾಗಿಲಲ್ಲಿ ಕೂತಿದ್ದ. ದೊಡ್ಡಮ್ಮ ಇಳಿದದ್ದನ್ನು ಕಂಡು ಅವನು ಎದ್ದು, ಹಿಂಗಾಲ ಮೇಲೆ ಪುಟಿಯುತ್ತ ಅವಳ ಹತ್ತಿರಕ್ಕೆ ಬಂದ.

ಆಮೇಲೆ ಆದದ್ದು ಒಂದು ಗಳಿಗೆಯ ಕೆಲಸ. ಹಸಿವು ಮಾಡಿಸಿತು ಎನ್ನಬಹುದು. ಆದರೆ ಮಾಡಿದ್ದು ಅವಳ ಕಾಲು, ಅವಳ ಕೊಕ್ಕು. ಅವಳ ಮಕ್ಕಳು ಉಂಡವು. ಅವಳೂ ಒಂದು ತುತ್ತು ಉಂಡಳು.

ಉಣ್ಣುವಾಗ ಅವಳಿಗೆ ಮೈಯೆಲ್ಲ ಸುಡುವ ಹಾಗೆ ಅನಿಸಿತು. ಯಾರೋ ನೋಡುತ್ತಿದ್ದಾರೆ ಅನಿಸಿತು. ಅವಳು ಎರಡೂ ರೆಕ್ಕೆಗಳನ್ನು ಹರಡಿ, ನೆಲಕ್ಕೆ ತಾಗುವಂತೆ ಬಗ್ಗಿಸಿ, ಮುಂದೆ ಇದ್ದದ್ದನ್ನು ಮುಚ್ಚಿದಳು. ತಲೆ ತಗ್ಗಿಸಿ ಅತ್ತ ನೋಡಿದಳು, ಇತ್ತ ನೋಡಿದಳು.

ನೋಡುತ್ತಿದ್ದವನು ಸೂರ್ಯ. ಅಲ್ಲಿ ಏನು ಇಟ್ಟುಕೊಂಡಿದ್ದೀಯೆ ಎಂದು ಅವನು ಕೇಳಿದ. ಏನೂ ಇಲ್ಲ ಎಂದಳು ಹೊಂಗಣ್ಣಿ. ಏನೂ ಇಲ್ಲದ್ದನ್ನು ಮುಚ್ಚಲು ಅಷ್ಟು ದೊಡ್ಡ ರೆಕ್ಕೆ ಬೇಕಾಯಿತೇ ಎಂದ ಸೂರ್ಯ. ಅವಳು ರೆಕ್ಕೆಗಳನ್ನು ಇನ್ನಷ್ಟು ಬಗ್ಗಿಸಿದಳು. ಸೂರ್ಯ ಒಂದು ತುಂಡು ಮೋಡವನ್ನು ಎಳೆದುಕೊಂಡು ಮುಖ ಮರೆಮಾಡಿಕೊಂಡ.

ಮರದಿಂದ ಒಂದಿಷ್ಟು ದೂರದಲ್ಲಿ ಒಂದು ಒಣಹೊಳೆ ಇತ್ತು. ವರ್ಷಕ್ಕೊಂದು ಸಲ ಹರಿದು ಉಳಿದ ದಿನ ಮರಳಾಗಿ ಮಲಗಿರುವ ಹೊಳೆ. ಅದರ ಒಂದು ಬಂಡೆಯ ಸಂದಿನಲ್ಲಿ ಅಂಗೈಯಗಲ ನೀರು ಉಳಿದಿತ್ತು. ಹೊಂಗಣ್ಣಿ ಅಲ್ಲಿಗೆ ಹೋಗಿ ಕೊಕ್ಕು ಅದ್ದಿ ತೊಳೆದಳು. ಒರೆಸಿಕೊಂಡಳು. ಮತ್ತೆ ಅದ್ದಿ ತೊಳೆದಳು. ನಿದ್ದೆಯಲ್ಲಿದ್ದ ಹೊಳೆ ಎಚ್ಚರವಾಗಿ, ಎಷ್ಟು ಸಲ ತೊಳೆಯುತ್ತೀ ತಾಯಿ, ಇರುವುದೇ ಇಷ್ಟು ನೀರು ಎಂದಿತು.

ಇನ್ನೂ ಹೋಗಿಲ್ಲ ಎಂದಳು ಅವಳು.

“ಕೊಕ್ಕಿನದು ಆಗಲೇ ಹೋಯಿತು. ನಾನು ತೊಳೆಯಬಲ್ಲದ್ದು ಅಷ್ಟೇ” ಎಂದಿತು ಹೊಳೆ.

ಸಂಜೆಯ ಹೊತ್ತಿಗೆ ನುಚ್ಚಿ ಬಂದಳು. ಬೆರಳುಗಳು ಸವೆದು ಕೆಂಪಾಗಿದ್ದವು. ಬಾಯ್ತುಂಬ ಹುಲ್ಲಿನ ಬೀಜ ಕಚ್ಚಿಕೊಂಡಿದ್ದಳು. ಮಕ್ಕಳನ್ನು ಕರೆದಳು. ನಾಲ್ಕು ಬಂದವು. ಒಳಗೆ ಹೋಗಿ ನೋಡಿದಳು, ಹೊರಗೆ ಬಂದು ನೋಡಿದಳು. ಬೀಜವನ್ನು ನೆಲಕ್ಕೆ ಇಳಿಸಿ, ಎಳ್ಳ ಎಲ್ಲಿ ಅಕ್ಕ ಎಂದು ಕೇಳಿದಳು.

“ನಾನು ನೋಡಲಿಲ್ಲ” ಎಂದಳು ಹೊಂಗಣ್ಣಿ.

ಹರದಾರಿ ದೂರದ ತೆನೆ ಕಾಣುವವಳು ಹಾಗೆಂದಳು. ಊಟ ಹುಡುಕಲು ಮೇಲೆ ಹೋಗಿದ್ದೆ, ಬಂದು ನೋಡಿದರೆ ಇರಲಿಲ್ಲ, ಆಟವಾಡುತ್ತ ದಿಬ್ಬದ ಕಡೆಗೆ ಹೋಗಿರಬೇಕು, ಮರಳು ಕುಸಿಯಿತೋ ಏನೋ ಎಂದೂ ಸೇರಿಸಿದಳು. ಒಂದು ಸುಳ್ಳಿನ ಹಿಂದೆ ಇನ್ನೊಂದು ತಾನಾಗಿಯೇ ಬರುತ್ತಿತ್ತು. ಆಡುತ್ತ ಆಡುತ್ತ ಅವಳ ತಲೆ ಭುಜದೊಳಕ್ಕೆ ಇಳಿಯುತ್ತಿತ್ತು.

ನುಚ್ಚಿ ನಂಬಿದಳು. ಅವಳಿಗೆ ನಂಬದೇ ಇರುವುದು ಗೊತ್ತಿರಲಿಲ್ಲ. ದಿಬ್ಬದ ಕಡೆಗೆ ಓಡಿ, ಅಲ್ಲಿ ಇಲ್ಲಿ ಅಗೆದು, ಹೆಸರು ಹಿಡಿದು ಕರೆದು, ಹಿಂಗಾಲಿನಿಂದ ನೆಲ ಬಡಿದು ಕಿವಿಗೊಟ್ಟಳು. ಎಲ್ಲಿಂದಲೂ ಉತ್ತರ ಬರಲಿಲ್ಲ. ಸುಸ್ತಾಗಿ ಹಿಂದಿರುಗಿದಳು. ಅಳುವುದಕ್ಕೆ ಮೊದಲು, ಹಸಿದ ಮಕ್ಕಳಿದ್ದಾರೆ ಎನ್ನುವುದು ಅವಳಿಗೆ ನೆನಪಾಯಿತು. ಬೀಜವನ್ನು ಪಾಲು ಮಾಡಿದಳು. ಎಂದಿನ ಹಾಗೆ ಮೊದಲ ಪಾಲನ್ನು ಗಿಡುಗದ ಮರಿಗಳ ಮುಂದೆ ಇಟ್ಟಳು.

“ತಿನ್ನಿರಪ್ಪ. ಬೆಳಗಿಂದ ಉಪವಾಸ ಇದ್ದೀರಿ” ಎಂದಳು.

ಮರಿಗಳು ಬೀಜವನ್ನು ನೋಡಿದವು. ಮೂಸಿದವು. ಹಿರಿಯದು ಒಂದನ್ನು ಕೊಕ್ಕಿನಲ್ಲಿ ಎತ್ತಿ ಉಗುಳಿತು. ಕಿರಿಯದು ಮುಖ ತಿರುಗಿಸಿ, ನುಚ್ಚಿಯ ಹಿಂದೆ ಕೂತಿದ್ದ ನಾಲ್ಕು ಇಲಿಮರಿಗಳನ್ನು ನೋಡಿತು. ನೋಡುತ್ತಲೇ ಇತ್ತು. ಚಿಕ್ಕಮ್ಮ, ಇದು ಬೇಡ, ಮಧ್ಯಾಹ್ನ ಅಮ್ಮ ಕೊಟ್ಟಿದ್ದು ಬೇಕು ಎಂದಿತು.

ನುಚ್ಚಿ ಮೊದಲು ಮರಿಯನ್ನು ನೋಡಿದಳು. ಆಮೇಲೆ ಹೊಂಗಣ್ಣಿಯನ್ನು ನೋಡಿದಳು. ಹೊಂಗಣ್ಣಿಗೆ ಆ ನೋಟಕ್ಕೆ ಕಣ್ಣು ಕೊಡಲಾಗಲಿಲ್ಲ. ಅವಳು ತನ್ನ ಕಾಲುಗುರುಗಳನ್ನೇ ನೋಡಿಕೊಂಡು ನಿಂತಳು. ಅವು ಇಷ್ಟು ಉದ್ದ ಇದ್ದವೆಂದು ಅವಳಿಗೆ ಅವತ್ತಿನವರೆಗೆ ಅನಿಸಿರಲಿಲ್ಲ.

ನುಚ್ಚಿ ಕಿರುಚಲಿಲ್ಲ, ಬೈಯಲಿಲ್ಲ. ನಾಲ್ಕೂ ಮಕ್ಕಳನ್ನು ಮುಂದೆ ಮಾಡಿಕೊಂಡು ಬಿಲದೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮರಳು ಒದೆಯುವ ಸದ್ದು ಬಂತು. ಬಾಗಿಲು ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಆಮೇಲೆ ಬಾಗಿಲೇ ಇರಲಿಲ್ಲ. ಆ ಮರಳುಗಾಡಿನಲ್ಲಿ ಯಾರಾದರೂ ಬಾಗಿಲು ಮುಚ್ಚಿದ್ದು ಅದೇ ಮೊದಲು.

ಹೊಂಗಣ್ಣಿ ಹೊರಗೆ ಉಳಿದಳು.

ತಂಗಿ ಎಂದು ಕರೆದಳು. ತಪ್ಪಾಯಿತು ಎಂದಳು. ನನ್ನ ಮಗು ಕತ್ತು ವಾಲಿಸಿತ್ತು, ನೀನೇ ಹೇಳು, ನೀನೂ ತಾಯಿಯಲ್ಲವೇ ಎಂದಳು. ಆ ಮಾತು ಆಡಿದ ಕೂಡಲೇ ಅವಳಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಇದಕ್ಕೆಲ್ಲ “ಹೌದಕ್ಕ” ಎನ್ನುವ ಆ ಸಣ್ಣ ದನಿಗಾಗಿ ಅವಳು ಕಾದಳು. ಅದು ಬರಲಿಲ್ಲ.

ಮರುದಿನ ಬೆಳಗಾಯಿತು. ಓತಿಕ್ಯಾತ ಆ ದಾರಿಯಲ್ಲಿ ಬಂದು, ಯಾಕಕ್ಕ ಇಲ್ಲಿ ಕೂತಿದ್ದೀಯೆ, ನುಚ್ಚಿ ಎಲ್ಲಿ ಎಂದು ವಿಚಾರಿಸಿತು. ಮಗು ಮರಳಲ್ಲಿ ಕಳೆದುಹೋಯಿತಂತೆ ಎಂದು ಹೇಳುವುದು ಎಷ್ಟು ಸುಲಭವಿತ್ತು. ಹೊಂಗಣ್ಣಿ ಬಾಯಿ ತೆರೆದಳು, ಮುಚ್ಚಿದಳು. ಓತಿಕ್ಯಾತ ಕಾದು ನೋಡಿ ಹೊರಟುಹೋಯಿತು. ಗೌಜಲಕ್ಕಿಗಳು ಬಂದವು, ಅವಕ್ಕೂ ಹೇಳಲಾಗಲಿಲ್ಲ. ಗಾಳಿ ಬಂದು ಪಕ್ಕದಲ್ಲಿ ಕೂತಿತು. ಅದು ಏನನ್ನೂ ಕೇಳಲಿಲ್ಲ. ನಾನೂ ಮಾಡಬಾರದ್ದು ಮಾಡಿದವನೇ ಎಂದಷ್ಟೇ ಹೇಳಿತು. ಆಮೇಲೆ ನೀನು ಏನು ಮಾಡಿದೆ ಎಂದಳು ಹೊಂಗಣ್ಣಿ. ಎಲ್ಲರ ಮುಂದೆ ನಾನೇ ಮಾಡಿದೆ ಅಂತ ಹೇಳಿದೆ, ಯಾರೂ ಮಾತಾಡಿಸಲಿಲ್ಲ, ಆದರೂ ಹೇಳಿದೆ ಎಂದಿತು ಗಾಳಿ.

ಮೂರನೆಯ ದಿನ ಹೊಂಗಣ್ಣಿ ಎದ್ದು, ಮುಚ್ಚಿದ ಬಾಗಿಲಿನ ಎದುರು ನಿಂತಳು. ಓತಿಕ್ಯಾತವನ್ನು ಕರೆದಳು, ಗೌಜಲಕ್ಕಿಗಳನ್ನು ಕರೆದಳು. ಮೋಡದ ಹಿಂದಿನಿಂದ ಹೊರಗೆ ಬರಲು ಸೂರ್ಯನಿಗೂ ಹೇಳಿದಳು. ಅಂದು ಗರಿ ಹಾಸಿ ನಗಿಸಿದಾಗ ಇದ್ದವರೆಲ್ಲ ಬಂದರು.

“ನುಚ್ಚಿಯ ಮಗ ಎಳ್ಳ ಕಳೆದುಹೋಗಲಿಲ್ಲ. ನಾನು ತಿಂದೆ. ನನ್ನ ಮಕ್ಕಳಿಗೂ ತಿನ್ನಿಸಿದೆ. ಆಮೇಲೆ ಸುಳ್ಳು ಹೇಳಿದೆ” ಎಂದಳು.

ಗೌಜಲಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದವು. ಅವು ಹಾಗೆ ಸರಿದದ್ದನ್ನು ಹೊಂಗಣ್ಣಿ ಕಂಡಳು. ಇನ್ನು ಮುಂದೆ ತಾನು ಎಲ್ಲಿ ಇಳಿದರೂ ಎಲ್ಲರೂ ಹೀಗೇ ಸರಿಯುತ್ತಾರೆ ಎಂಬುದು ಅವಳಿಗೆ ತಿಳಿಯಿತು.

ಆಗ ಮುಚ್ಚಿದ ಬಾಗಿಲಿನ ಒಳಗಿನಿಂದ ನುಚ್ಚಿಯ ದನಿ ಬಂತು. ಮರಳಿನೊಳಗಿಂದ ಬರುತ್ತಿದ್ದ ಕಾರಣ ತೀರಾ ಸಣ್ಣಗಿತ್ತು.

“ಅವನು ಓಡಲಿಲ್ವಾ?”

“ಇಲ್ಲ.”

“ಯಾಕೆ ಓಡಲಿಲ್ಲ?”

ಇದನ್ನೂ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

“ದೊಡ್ಡಮ್ಮ ಬಂದಳು ಅಂತ ಅವನೇ ನನ್ನ ಹತ್ತಿರ ಬಂದ” ಎಂದಳು.

ಒಳಗೆ ಮರಳು ಕೆರೆಯುವ ಸದ್ದಾಯಿತು, ನಿಂತಿತು.

ಆಮೇಲೆ ನುಚ್ಚಿ ಮಾತಾಡಿದಳು. ನಿಧಾನವಾಗಿ ಮಾತಾಡಿದಳು. ನಿನ್ನ ಮಕ್ಕಳು ಇನ್ನು ಬೀಜ ತಿನ್ನುವುದಿಲ್ಲ, ಅದು ನನಗೆ ಅವತ್ತೇ ತಿಳಿಯಿತು ಎಂದಳು. ತಿನ್ನದೆ ಸಾಯಲಿ ಎಂದು ಹೇಳೋಣವೆಂದು ಎರಡು ದಿನ ಒಳಗೆ ಕೂತು ನೋಡಿದೆ, ನನ್ನ ಕೈಯಿಂದಲೇ ಕಾಳು ತಿಂದ ಬಾಯಿಗಳು, ಹಾಗೆ ಹೇಳಲು ಬಾಯಿ ಬರಲಿಲ್ಲ ಎಂದಳು. ನಿನ್ನನ್ನು ಕ್ಷಮಿಸಿದೆ ಎಂದೂ ಹೇಳಲಾರೆ ಎಂದಳು.

“ಒಂದು ಕೇಳುತ್ತೀನಿ, ಅದನ್ನು ನಡೆಸಿಕೊಡು” ಎಂದಳು. “ನನ್ನ ಮಕ್ಕಳು ಇನ್ನು ನಿನ್ನನ್ನು ನಂಬಬಾರದು. ನಿನ್ನನ್ನು ಕಂಡ ಕೂಡಲೇ ಓಡಬೇಕು. ಸದ್ದಿಲ್ಲದೆ ಬರಬೇಡ. ಬರುವುದಕ್ಕೆ ಮೊದಲು ಮೇಲೆ ಸುತ್ತು ಹಾಕಿ ಕೂಗು. ನಿನ್ನ ದನಿ ಕೇಳಿದರೆ ನಾನು ಕಾಲಿನಿಂದ ನೆಲ ಬಡಿಯುತ್ತೀನಿ, ಅವು ಒಳಗೆ ಬರುತ್ತವೆ. ಬಾರದವರನ್ನು ನೀನು ಒಯ್ಯಬಹುದು. ಆದರೆ ಅವರು ನಿನ್ನನ್ನು ದೊಡ್ಡಮ್ಮ ಅಂತ ಕರೆಯಬಾರದು.”

“ಆಗಲಿ ತಂಗಿ” ಎಂದಳು ಹೊಂಗಣ್ಣಿ.

“ತಂಗಿ ಅನ್ನಬೇಡ” ಎಂದಿತು ಒಳಗಿನ ದನಿ.

ಅದೇ ದಿನ ಹೊಂಗಣ್ಣಿ ಮರಿಗಳನ್ನು ಕರೆದುಕೊಂಡು ಬನ್ನಿ ಮರವನ್ನು ಬಿಟ್ಟಳು. ದೂರದ ಬಂಡೆಯ ಚಾಚಿನಲ್ಲಿ, ಯಾರ ಮನೆಯ ಮೇಲೂ ಅಲ್ಲದ ಜಾಗದಲ್ಲಿ ಗೂಡು ಕಟ್ಟಿದಳು. ಅವಳು ಹೋದ ಮೇಲೆ ನುಚ್ಚಿ ಬಾಗಿಲಿನ ಮರಳು ಸರಿಸಿ ಹೊರಗೆ ಇಣುಕಿದಳು. ಆಕಾಶವನ್ನು ನೋಡಿದಳು. ಈ ಮೊದಲು ಅವಳು ಆಕಾಶವನ್ನು ಹಾಗೆ ನೋಡಿದವಳಲ್ಲ. ಆವತ್ತಿನಿಂದ ಅವಳು ಒಳಗೆ ಹೋದಾಗೆಲ್ಲ ಬಾಗಿಲಿಗೆ ಮರಳು ಮುಚ್ಚುವುದನ್ನು ರೂಢಿ ಮಾಡಿಕೊಂಡಳು.

ಹೊಂಗಣ್ಣಿ ಕೊಟ್ಟ ಮಾತನ್ನು ನಡೆಸಿದಳು. ಹಸಿವಾದಾಗ ಎತ್ತರಕ್ಕೆ ಹೋಗಿ ಸುತ್ತು ಹಾಕುತ್ತಿದ್ದಳು, ಕೂಗುತ್ತಿದ್ದಳು. ಅವಳ ಕೂಗು ಮೊದಲು ಗಡಸಾಗಿತ್ತು. ಈಗ ಅದು ಸಣ್ಣಗೆ, ಎಳೆದೆಳೆದು ಬರುತ್ತಿತ್ತು. ಕೆಳಗೆ ನುಚ್ಚಿ ನೆಲ ಬಡಿಯುತ್ತಿದ್ದಳು, ಮಕ್ಕಳು ಒಳಗೆ ಓಡುತ್ತಿದ್ದವು. ಬಹಳ ದಿನ ಹೊಂಗಣ್ಣಿಗೆ ಏನೂ ಸಿಗುತ್ತಿರಲಿಲ್ಲ. ಸಿಗದೇ ಹೋದ ದಿನ ಅವಳಿಗೆ ಹೊಟ್ಟೆ ಹಸಿದರೂ ಎದೆ ಹಗುರವಾಗಿರುತ್ತಿತ್ತು.

ಆದರೆ ಮರಿಗಳು ಬೆಳೆಯಬೇಕಲ್ಲ. ಒಂದು ದಿನ, ಬೇರೆಲ್ಲಿಂದಲೋ ಬಂದ ಮುದಿ ಇಲಿಯೊಂದು ಓಡುವುದರಲ್ಲಿ ಹಿಂದೆ ಬಿತ್ತು. ಹೊಂಗಣ್ಣಿ ಅದನ್ನು ಬಂಡೆಗೆ ತಂದಳು. ಸುತ್ತಮುತ್ತ ಯಾರೂ ಇರಲಿಲ್ಲ. ಓತಿಕ್ಯಾತ ಇಲ್ಲ, ಗೌಜಲಕ್ಕಿ ಇಲ್ಲ, ಸೂರ್ಯನೂ ಮೋಡದ ಮರೆಯಲ್ಲಿದ್ದ. ಮಾತಿನಂತೆ ಕೂಗಿಯೇ ಇಳಿದಿದ್ದಳು, ಮೋಸವೇನೂ ಮಾಡಿರಲಿಲ್ಲ. ಆದರೂ ಉಣ್ಣಲು ಬಗ್ಗಿದ ಕೂಡಲೇ ಅವಳ ರೆಕ್ಕೆಗಳು ತಾವಾಗಿಯೇ ಹರಡಿಕೊಂಡವು, ನೆಲಕ್ಕೆ ಬಾಗಿ ಮುಚ್ಚಿಕೊಂಡವು.

ಅಮ್ಮ, ಯಾಕೆ ಮುಚ್ಚುತ್ತೀಯೆ, ಇಲ್ಲಿ ಯಾರಿದ್ದಾರೆ ಎಂದು ಹಿರಿಯ ಮರಿ ಕೇಳಿತು.

ಹೊಂಗಣ್ಣಿಗೆ ಮಕ್ಕಳ ಮುಂದೆ ಅದನ್ನು ಹೇಳಲಾಗಲಿಲ್ಲ. ಹೀಗೆಯೇ ಉಣ್ಣಬೇಕು ಎಂದಳು. ಮರಿಗಳು ಹಾಗೆಯೇ ಕಲಿತವು. ಅವುಗಳ ಮರಿಗಳೂ ಹಾಗೆಯೇ ಕಲಿತವು. ಕಾರಣ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಹೋದ ಮೇಲೆ ರೆಕ್ಕೆಗಳಿಗೆ ಮಾತ್ರ ಅದು ನೆನಪಿತ್ತು.

ಮಗು, ಈಗಲೂ ಗಿಡುಗ ಏನನ್ನಾದರೂ ಹಿಡಿದು ನೆಲಕ್ಕಿಳಿದರೆ ಒಮ್ಮೆ ದೂರದಿಂದ ನೋಡು: ಯಾರೂ ಹತ್ತಿರ ಇಲ್ಲದಿದ್ದರೂ ಅದು ಎರಡೂ ರೆಕ್ಕೆ ಹರಡಿ ಊಟವನ್ನು ಮುಚ್ಚಿಕೊಳ್ಳುತ್ತದೆ, ತಲೆ ತಗ್ಗಿಸಿ ಅತ್ತ ಇತ್ತ ನೋಡುತ್ತದೆ, ಆಮೇಲೆ ಮಾತ್ರ ಮೊದಲ ತುತ್ತು ತೆಗೆದುಕೊಳ್ಳುತ್ತದೆ, ಯಾಕೆಂದರೆ ಆ ನಾಚಿಕೆ ಅದಕ್ಕೆ ಇನ್ನೂ ಹೋಗಿಲ್ಲ.